ನಮ್ಮೊಳಗೆ ಅಡಗಿರೋ ಸ್ವಭಾವವನ್ನು ಹುಡುಕಿ ಒಪ್ಪಿಕೊಳ್ಳೋದು ಹೇಗೆ?

ಎಲ್ಲರೂ ನಿಮ್ಮನ್ನು ಸಾಧು ಅನ್ನುತ್ತಾರೆ, ಆದರೆ ಒಳಗೆ ಇನ್ಯಾರೋ ಇದ್ದ ಹಾಗೆ ಅನ್ನಿಸುತ್ತದೆ, ಡೈರಿ ಬರೆಯಲೋ ಶಿಬಿರ ಸೇರಲೋ ಅಂತ ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಊರಿಗೆಲ್ಲ ಸಾಧುವೇ. ನನ್ನ ಸಾಧುತನದಿಂದ ನನ್ನ ತಂಗಿಗೆ ಒಂದು ಮನೆ ಕೈತಪ್ಪಿತು.

ನಾನು ಜಯನಗರದಲ್ಲಿ ಒಬ್ಬ ವಕೀಲರ ಹತ್ತಿರ ಆಸ್ತಿ ಪತ್ರ ನೋಡುವ ಕೆಲಸ ಮಾಡುತ್ತೇನೆ. ಮದರ್ ಡೀಡ್, ಇಸಿ, ಖಾತಾ, ಕಂದಾಯ ರಸೀದಿ, ದಿನವಿಡೀ ಅದೇ. 2019ರಲ್ಲಿ ತಂಗಿ ಮತ್ತು ಅವಳ ಗಂಡ ಕನಕಪುರ ರಸ್ತೆಯಲ್ಲಿ ಒಂದು ಫ್ಲ್ಯಾಟ್ ನೋಡಿದರು. ಆಗ ಮೆಟ್ರೊ ಯಲಚೇನಹಳ್ಳಿಗೇ ನಿಲ್ಲುತ್ತಿತ್ತು, ಅದರಾಚೆ ಇನ್ನೂ ಕೆಲಸ ನಡೆಯುತ್ತಿತ್ತು. ರೇಟು ಕೈಗೆಟುಕುವ ಹಾಗಿತ್ತು. "ಅಕ್ಕ, ನೀನೊಂದ್ಸಲ ನೋಡಿ ಹೇಳಿಬಿಡು" ಅಂತ ನನ್ನನ್ನೂ ಕರೆದುಕೊಂಡು ಹೋದಳು.

ಅಡುಗೆಮನೆ ಕಟ್ಟೆಯ ಮೇಲೆ ಗೇಣು ಹಾಕಿ ಅಳೆದಳು, ಗ್ರೈಂಡರ್ ಕೂರುತ್ತಾ ಅಂತ. ಕೂರುತ್ತಿತ್ತು. ಅವಳ ಮುಖ ಅರಳಿತು. ನಾನು ಬಾತ್‌ರೂಮಿಗೆ ಹೋಗಿ ಛಾವಣಿಯಲ್ಲಿ ಎಲ್ಲಾದರೂ ತೇವ ಇದೆಯಾ ಅಂತ ಹುಡುಕತೊಡಗಿದೆ.

ಪತ್ರಗಳಲ್ಲಿ ದೊಡ್ಡ ದೋಷ ಇರಲಿಲ್ಲ. ಓಸಿ ಒಂದು ಬಂದಿರಲಿಲ್ಲ. ಕಟ್ಟಡವನ್ನು ನಕ್ಷೆ ಪ್ರಕಾರ ಕಟ್ಟಿದ್ದಾರೆ, ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಪತ್ರ ಅದು. ಬೆಂಗಳೂರಿನಲ್ಲಿ ಓಸಿ ಇಲ್ಲದ ಕಟ್ಟಡಗಳಿಗೆ ಬರವಿಲ್ಲ. ಹಾಗಂತ ಅದು ಸಣ್ಣ ವಿಷಯ ಅಲ್ಲ, ಎಚ್ಚರ ಹೇಳಲೇಬೇಕು. ನಾನು ಹೇಳಿದೆ. ಎಡವಿದ್ದೇ ಅಲ್ಲಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದೇ ತಿಂಗಳು ಇಂಥದ್ದೇ ಕಟ್ಟಡದ ಪತ್ರ ಹಿಡಿದು ಬೇರೊಬ್ಬರು ನಮ್ಮ ಆಫೀಸಿಗೆ ಬಂದಿದ್ದರು. ಅರ್ಜಿ ಹಾಕಿದ್ದಾರಾ ನೋಡಿ, ಅಗ್ರಿಮೆಂಟಿನಲ್ಲಿ ಓಸಿ ಷರತ್ತು ಬರೆಸಿ, ಬರುವವರೆಗೆ ಒಂದಷ್ಟು ದುಡ್ಡು ತಡೆಹಿಡಿಯಿರಿ, ಅಂತ ಅವರಿಗೆ ದಾರಿ ಹೇಳಿಕೊಟ್ಟಿದ್ದೆ. ತಂಗಿಗೆ ಹೇಳಿದ್ದು ಒಂದೇ ಮಾತು: "ಬೇಡವೇ ಬೇಡ, ಮುಳುಗಿ ಹೋಗ್ತೀರ." ನಾನು ಸುಳ್ಳು ಹೇಳಲಿಲ್ಲ. ಅರ್ಧ ಹೇಳಿದೆ. ಉಳಿದರ್ಧ ಗೊತ್ತಿದ್ದೂ ಬಾಯಿಗೆ ಬರಲಿಲ್ಲ. ಆ ರಾತ್ರಿ ಒಳ್ಳೆ ನಿದ್ದೆಯೂ ಬಂತು, ತಂಗಿಯನ್ನು ಕಾಪಾಡಿದೆ ಅಂತ.

ಅವರು ಕೈಬಿಟ್ಟರು. ಟೋಕನ್ ಕೊಟ್ಟಿದ್ದ 50 ಸಾವಿರ ಹೋಯಿತು. 2021ರ ಜನವರಿಯಲ್ಲಿ ಮೆಟ್ರೊ ರೇಷ್ಮೆ ಸಂಸ್ಥೆವರೆಗೆ ಬಂತು. ಟಿವಿಯಲ್ಲಿ ಅದೇ ಸುದ್ದಿ. ಅವರೆಕಾಯಿ ಕಾಲ, ಅಮ್ಮ ನೆನೆಸಿದ ಕಾಳು ಹಿತುಕುತ್ತಾ ಕೂತಿದ್ದಳು. "ಪಾಪ, ಆ ಫ್ಲ್ಯಾಟ್ ತಗೊಂಡಿದ್ರೆ ಅವಳಿಗೆ ಎಷ್ಟು ಅನುಕೂಲ ಆಗ್ತಿತ್ತು" ಅಂದೆ. ಅಮ್ಮ ತಲೆ ಎತ್ತಲಿಲ್ಲ. "ಅವಳಿಗೆ ಮನೆ ಆಗೋದು ನಿನಗೆ ಬೇಕಿರ್ಲಿಲ್ಲ ಬಿಡೇ" ಅಂದಳು.

ನಾನು ಕೂಗಾಡಿದೆ. ಅಮ್ಮ ಬೆರಳಿಗಂಟಿದ ಸಿಪ್ಪೆ ಕೊಡವಿ, "ಚಿಕ್ಕೋಳಿದ್ದಾಗಿಂದ ನೋಡಿದೀನಿ. ಅವಳಿಗೇ ಕೊಡಮ್ಮ ಅಂತೀಯ. ಆಮೇಲೆ ಮೂರು ದಿನ ಅವಳನ್ನ ಮಾತಾಡಿಸಲ್ಲ" ಅಂದಳು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆ ಇಲ್ಲ. ಅಡಗಿದೆ ಅನ್ನುತ್ತೀರಲ್ಲ, ಅಡಗಿರುವುದು ನಿಮ್ಮೊಬ್ಬರಿಂದ. ಮನೆಯವರಿಗೆ, ಜೊತೆಗಿರುವವರಿಗೆ ಎಂದೋ ಗೊತ್ತಿರುತ್ತದೆ. 1955ರಲ್ಲಿ ಜೋಸೆಫ್ ಲಫ್ಟ್, ಹ್ಯಾರಿಂಗ್ಟನ್ ಇಂಗಮ್ ಅನ್ನುವ ಇಬ್ಬರು ಅಮೆರಿಕನ್ ಮನಶ್ಶಾಸ್ತ್ರಜ್ಞರು ಜೊಹಾರಿ ಕಿಟಕಿ ಅಂತ ಒಂದು ಚೌಕ ಬರೆದರು. ಇಬ್ಬರ ಹೆಸರು ಸೇರಿಸಿ ಇಟ್ಟ ಹೆಸರು. ಅದಕ್ಕೆ ನಾಲ್ಕು ಮನೆ. ಅದರಲ್ಲಿ ಒಂದು, ಬೇರೆಯವರಿಗೆ ಕಾಣುವ, ನಮಗೆ ಮಾತ್ರ ಕಾಣದ ಮನೆ. ಒಬ್ಬರೇ ಕೂತು ಡೈರಿ ಬರೆದರೆ ಆ ಮನೆಯ ಬಾಗಿಲು ತೆರೆಯುವುದಿಲ್ಲ. ನಾನೂ ವರ್ಷಗಟ್ಟಲೆ ಡೈರಿ ಬರೆದವಳು. ಅದರಲ್ಲಿ ಬರುವ ಅಕ್ಕ ದೇವತೆ!

ಶಿಬಿರದವರು ಬಾಯಿ ತೆರೆದರೆ ಕಾರ್ಲ್ ಯೂಂಗ್ ಅನ್ನುತ್ತಾರೆ, ಅಲ್ವಾ? ಸ್ವಿಸ್ ಮನೋವೈದ್ಯರು. 1938ರ ಸುಮಾರಿಗೆ ಭಾರತಕ್ಕೆ ಬಂದಾಗ ಮೈಸೂರು ಮಹಾರಾಜರ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಜೊತೆಗೂ ಮಾತಾಡಿದವರು. ನಮ್ಮದಲ್ಲ ಅಂತ ನಾವೇ ಆಚೆ ತಳ್ಳಿದ ಸ್ವಭಾವಕ್ಕೆ ಅವರು ನೆರಳು ಅಂದರು. ತಳ್ಳಿದ್ದೆಲ್ಲ ಕೆಟ್ಟದ್ದೇ ಆಗಬೇಕಿಲ್ಲ, ಅದನ್ನು ಬೇರೆಯವರಲ್ಲಿ ಕಂಡು ಸಿಡುಕುತ್ತೇವೆ ಅಂತಲೂ ಹೇಳಿದರು. ಇದು ನನಗೆ ಸರಿಯಾಗಿ ನಾಟಿತು. ನಮ್ಮ ಆಫೀಸಿನಲ್ಲಿ ಒಬ್ಬಳು ಪ್ರತಿ ವರ್ಷ ಸಂಬಳ ಜಾಸ್ತಿ ಮಾಡಿ ಅಂತ ನೇರವಾಗಿ ಕೇಳುತ್ತಿದ್ದಳು. ಅವಳನ್ನು ಕಂಡರೆ ನನಗೆ ಮೈಯೆಲ್ಲ ಉರಿ. ದುರಾಸೆಯವಳು ಅನ್ನುತ್ತಿದ್ದೆ. ಅವಳ ತಪ್ಪಾದರೂ ಏನು? ತನಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳುತ್ತಿದ್ದಳು, ಅಷ್ಟೇ.

ನನಗೂ ಸ್ವಂತ ಮನೆ ಬೇಕಿತ್ತು. ಹನುಮಂತನಗರದ ಬಾಡಿಗೆ ಮನೆಯಲ್ಲಿ ನೀರಿನ ಡ್ರಮ್ಮಿನ ಪಕ್ಕ ಗ್ರೈಂಡರ್ ಇಟ್ಟುಕೊಂಡು, ನಂಗೇನು ಬೇಡಪ್ಪ ಅನ್ನುತ್ತಿದ್ದೆ. ಆಸೆ ಇಲ್ಲದ ದೊಡ್ಡ ಮಗಳು ಅಂತ ಚಿಕ್ಕಂದಿನಿಂದ ಹೊಗಳಿಸಿಕೊಂಡಿದ್ದೆ, ಆ ಹೊಗಳಿಕೆ ಬಿಡಲು ಮನಸ್ಸಿರಲಿಲ್ಲ. ಹೊಟ್ಟೆಕಿಚ್ಚಿನ ಬಾಯಿ ಮುಚ್ಚಿಸಿದ್ದೆ. ಅದು ವಕೀಲರ ಆಫೀಸಿನ ಭಾಷೆ ಕಲಿತು ಮಾತಾಡಿತು.

ಅಮ್ಮ ಹಾಗಂದ ಮೇಲೆ ಒಬ್ಬ ಕೌನ್ಸೆಲರ್ ಹತ್ತಿರ ಕೆಲವು ತಿಂಗಳು ಹೋದೆ, ಆಮೇಲೆ ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಪ್ಪಿಕೊಂಡು ಅತ್ತೆವು ಅಂತ ನಾನು ಬರೆಯಲಾರೆ. "ಈಗ ಹೇಳಿ ಏನು ಬಂತಕ್ಕ" ಅಂದಳು. ಈಗಲೂ ಹಬ್ಬಕ್ಕೆ ಬರುತ್ತಾಳೆ, ಉಂಡು ಹೋಗುತ್ತಾಳೆ. ದುಡ್ಡಿನ ವಿಷಯ ಮಾತ್ರ ನನ್ನೆದುರು ಎತ್ತುವುದಿಲ್ಲ. ಒಪ್ಪಿಕೊಂಡರೆ ಮನಸ್ಸು ಹಗುರ ಆಗುತ್ತದೆ ಅನ್ನುವವರ ಮಾತು ನಂಬಬೇಡಿ. ನನಗೆ ಹಗುರ ಆಗಿಲ್ಲ. ಆದರೆ ಗಂಡನಿಗೆ "ನಂಗೊಂದು ಮನೆ ಬೇಕು ರೀ" ಅಂತ ಹೇಳಲು ಬಾಯಿ ಬಂದಿದೆ. ನೋಡುತ್ತಿದ್ದೇವೆ.

ನೀವು ಶಿಬಿರದ ದುಡ್ಡು ಉಳಿಸಿ. ನಿಮ್ಮನ್ನು ಚೆನ್ನಾಗಿ ಬಲ್ಲ, ನಿಮ್ಮಿಂದ ಏನೂ ಆಗಬೇಕಿಲ್ಲದ ಒಬ್ಬರನ್ನು ಕೇಳಿ: ನನ್ನ ಯಾವ ಬುದ್ಧಿ ನನಗೇ ಗೊತ್ತಿಲ್ಲ? ಅವರು ಹೇಳಿ ಮುಗಿಸುವವರೆಗೆ ವಾದ ಮಾಡಬೇಡಿ. ನಾನು ಮಾಡಿದ ಹಾಗೆ ಕೂಗಾಡಲೂ ಬೇಡಿ. ಕೇಳಿದ್ದು ತಡೆಯಲಾಗದಷ್ಟು ಕಾಡಿದರೆ, ನಿದ್ದೆ ಕೆಟ್ಟರೆ, ಒಬ್ಬರೇ ಕೂತು ಅಗೆಯುತ್ತಾ ಹೋಗಬೇಡಿ. ಟೆಲಿ ಮಾನಸ್ ಸಹಾಯವಾಣಿ ಇದೆ, 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.