ಚಳಿಗಾಲದಲ್ಲಿ ಕೃಷ್ಣಾ, ಘಟಪ್ರಭಾ ಹೊಳೆಗಳಲ್ಲಿ ಕ್ಯಾಟ್‌ಫಿಶ್, ಬಾಸ್ ಮೀನು ಗಾಳಕ್ಕೆ ಬೀಳುತ್ತವೆಯೇ?

ನೀವು ಜಮಖಂಡಿಗೆ ಹೊಸದಾಗಿ ಕೆಲಸಕ್ಕೆ ಬಂದಿದ್ದೀರಿ. ಅಮೆರಿಕದವರು ಕೊರೆಯುವ ಚಳಿಯಲ್ಲಿ ಕ್ಯಾಟ್‌ಫಿಶ್, ಬಾಸ್ ಹಿಡಿಯುವ ವಿಡಿಯೋ ನೋಡಿದ್ದೀರಿ. ಡಿಸೆಂಬರ್, ಜನವರಿಯಲ್ಲಿ ನಮ್ಮ ಹೊಳೆಗಳಲ್ಲೂ ಹಾಗೇ ಮಾಡಿದರೆ ಮೀನು ಸಿಗುತ್ತಾ, ರಾತ್ರಿ ಪೂರ್ತಿ ಕೂರಬೇಕಾ ಅಂತ ಕೇಳಿದ್ದೀರಿ.

ಮೀನು ಖಂಡಿತ ಸಿಗುತ್ತದೆ. ಆದರೆ ಆ ಬಾಸ್ ಮೀನು ನಮ್ಮ ಹೊಳೆಯದಲ್ಲ, ಅದು ಉತ್ತರ ಅಮೆರಿಕದ್ದು. ಗಿಡಗಂಟಿಯ ಮರೆಯಲ್ಲಿ ಅಡಗಿ ಕೂತು, ಎದುರಿಗೆ ಬಂದದ್ದನ್ನು ಗಬಕ್ಕನೆ ನುಂಗುವ ಮೀನು ನಮ್ಮಲ್ಲಿ ಅಂದರೆ ಕೊರವ, ಕೆಲವರು ಮರಲ್ ಅಂತಾರೆ. ಕ್ಯಾಟ್‌ಫಿಶ್ ಜಾತಿಯಲ್ಲಿ ನಮಗೆ ಬಾಳೆ ಮೀನು ಇದೆ. ಮೈ ಚಪ್ಪಟೆ, ಬೆಳ್ಳಿ ಬಣ್ಣ, ಕಣ್ಣು ದಾಟಿ ಹಿಂದಕ್ಕೆ ಹೋಗುವ ದೊಡ್ಡ ಬಾಯಿ. ಒಂದು ಮೀಟರ್‌ಗಿಂತ ಉದ್ದ ಬೆಳೆಯುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಬಾಳೆ ಮತ್ತು ಕೊರವ ಅಂತ ಇಟ್ಟುಕೊಂಡು ಉತ್ತರ ಬರೆಯುತ್ತೇನೆ.

ಚಳಿಯಲ್ಲಿ ಮೀನು ಯಾಕೆ ಮಂಕಾಗುತ್ತದೆ ಅಂತ ವಿಡಿಯೋದವರು ಹೇಳುವ ಕಾರಣ ಸರಿ. ಮೀನಿನ ಮೈಗೆ ಸ್ವಂತ ಬಿಸಿ ಇಲ್ಲ. ನೀರು ತಣ್ಣಗಾದಷ್ಟೂ ಮೈ ನಿಧಾನ, ತಿಂದದ್ದು ಅರಗುವುದೂ ನಿಧಾನ, ಹಸಿವೂ ಕಡಿಮೆ. ಆದರೆ ಅಲ್ಲಿನ ಚಳಿ ಬೇರೆ, ನಮ್ಮ ಥಂಡಿ ಬೇರೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹೊಳೆ ನೀರು 4-5 ಡಿಗ್ರಿಗೂ ಇಳಿಯುತ್ತದೆ. ಅಲ್ಲಿನ ಫ್ಲಾಟ್‌ಹೆಡ್ ಎಂಬ ಕ್ಯಾಟ್‌ಫಿಶ್ ಚಳಿಗಾಲದಲ್ಲಿ ಹೆಚ್ಚುಕಡಿಮೆ ಊಟವನ್ನೇ ಬಿಟ್ಟು ತಳದಲ್ಲಿ ಬಿದ್ದಿರುತ್ತದೆ. ನಮ್ಮ ಕಡೆ ಎಳ್ಳಮವಾಸ್ಯೆ ಹೊತ್ತಿಗೆ ರಾತ್ರಿ ಗಾಳಿ 12 ಡಿಗ್ರಿಗೆ ಇಳಿದರೂ ಹಗಲು 30ರ ಹತ್ತಿರ ಬಿಸಿಲು ಇರುತ್ತದೆ ಅಲ್ವಾ? ಹೊಳೆ ನೀರು ಅಷ್ಟು ಬೇಗ ತಣ್ಣಗಾಗುವುದಿಲ್ಲ, 20ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದ್ದರಿಂದ ನಮ್ಮ ಮೀನು ಊಟ ಬಿಡುವುದಿಲ್ಲ. ಊಟದ ಹೊತ್ತು ಮತ್ತು ಜಾಗ ಬದಲಿಸುತ್ತದೆ, ಅಷ್ಟೆ.

ಥಂಡಿಗಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಹೊಸಬರಿಗೆ ಅದನ್ನು ಯಾರೂ ಹೇಳುವುದಿಲ್ಲ. ಮಳೆಗಾಲದ ಕೆಂಪು ರಾಡಿ ಇಳಿದು ನೀರು ತಿಳಿಯಾಗುತ್ತದೆ. ಆಗಸ್ಟ್‌ನಲ್ಲಿ ದಪ್ಪ ದಾರ ಕಟ್ಟಿ ದಂಡೆಯ ಮೇಲೆ ಗದ್ದಲ ಮಾಡಿದರೂ ನಡೆಯುತ್ತಿತ್ತು. ಈಗ ನಿಮ್ಮ ನೆರಳು ನೀರಿನ ಮೇಲೆ ಬಿದ್ದರೂ ಕೊರವ ಮಾಯವಾಗುತ್ತದೆ. ನೀರು ಇಳಿಯುತ್ತಲೂ ಇರುತ್ತದೆ. ಕೃಷ್ಣೆಯ ಆಲಮಟ್ಟಿ ಜಲಾಶಯ ಮಳೆಗಾಲದಲ್ಲಿ ಸಮುದ್ರ ಮಟ್ಟದಿಂದ 519.60 ಮೀಟರ್‌ ಎತ್ತರಕ್ಕೆ ತುಂಬಿ ನಿಂತಿರುತ್ತದೆ. ಆಮೇಲೆ ಹಿಂಗಾರಿಗೆ ಕಾಲುವೆ ಬಿಟ್ಟಂತೆ ಹಿನ್ನೀರು ಸರಿಯುತ್ತಾ ಹೋಗುತ್ತದೆ. ಹೊಲಗಳ ಮೇಲೆ ಹರಡಿದ್ದ ತೆಳು ನೀರು ಕಡಿಮೆಯಾದಾಗ ದೊಡ್ಡ ಮೀನು ಅಲ್ಲಿ ನಿಲ್ಲುವುದಿಲ್ಲ, ಹಳೆಯ ಹೊಳೆಯ ಪಾತ್ರದ ಕಡೆಗೆ ಇಳಿಯುತ್ತದೆ. ಹೋದ ವಾರ ಮೀನು ಸಿಕ್ಕ ಜಾಗ ಈ ವಾರ ಖಾಲಿ ಇದ್ದರೆ ಗಾಳವನ್ನೋ ಎರೆಯನ್ನೋ ಬೈಯಬೇಡಿ. ನೀರಿನ ಅಂಚು ಎಲ್ಲಿಗೆ ಹೋಗಿದೆ ನೋಡಿ.

ಬಾಳೆ ಮೀನಿಗೆ ಮಡು ಹುಡುಕಿ. ಹೊಳೆ ತಿರುಗುವ ಕಡೆ ಹೊರಗಿನ ದಂಡೆ ಕೊರೆದು ಆಳವಾಗಿರುತ್ತದಲ್ಲ, ಅಲ್ಲಿ. ಘಟಪ್ರಭೆಯ ದಂಡೆಯಲ್ಲಿ ಜಾಲಿ ಬೇರು ನೀರಿಗೆ ಚಾಚಿಕೊಂಡ ಕಡೆಗಳೂ ಒಳ್ಳೆಯವು. ಹಗಲು ಅದು ಕೊರಕಲಿನ ಒಳಗೆ ಬಿದ್ದಿರುತ್ತದೆ. ಹೊತ್ತು ಇಳಿದ ಮೇಲೆ ಸಣ್ಣ ಮೀನಿನ ಬೆನ್ನು ಹತ್ತಿ ದಂಡೆಯ ಕಡೆಗೆ ಬರುತ್ತದೆ. ಹಾಗಾಗಿ ಗಾಳವನ್ನು ನಡುನೀರಿಗೆ ಬೀಸಿ ಒಗೆಯುವ ಅಗತ್ಯವಿಲ್ಲ. ಆಳ ಮುಗಿದು ಮಟ್ಟ ಏರುವ ಅಂಚಿನಲ್ಲಿ ಬಿಡಿ. ಎರೆಗೆ ಅದೇ ಹೊಳೆಯ ಸಣ್ಣ ಮೀನು ಎಲ್ಲಕ್ಕಿಂತ ಮೇಲು, ಸಿಗದಿದ್ದರೆ ಸಿಗಡಿ. ಕೋಳಿ ಕರುಳು ಹಾಕುವವರು ಬಹಳ. ಅದರ ವಾಸನೆಗೆ ಮೀನು ಬರುತ್ತದೆ ನಿಜ, ಆದರೆ ತಣ್ಣೀರಿನಲ್ಲಿ ಗಾಳದ ತುಂಬ ಕರುಳು ಸುತ್ತಿದರೆ ಮೀನು ಸುಮ್ನೆ ಕಚ್ಚಿ ನೋಡಿ ಬಿಡುತ್ತದೆ. ಬೆರಳಿನ ಅರ್ಧದಷ್ಟು ತುಂಡು ಸಾಕು. ಕಚ್ಚುವುದೂ ಮಳೆಗಾಲದ ಹಾಗೆ ರಾಡ್ ಎಳೆದುಕೊಂಡು ಹೋಗುವಷ್ಟು ಜೋರಾಗಿರುವುದಿಲ್ಲ. ದಾರ ಸ್ವಲ್ಪ ಬಿಗಿಯಾಗುತ್ತದೆ, ಸಡಿಲವಾಗುತ್ತದೆ, ಮತ್ತೆ ಬಿಗಿಯಾಗುತ್ತದೆ. ಮೂರನೆಯ ಸಲಕ್ಕೆ ಎತ್ತಿ. ಬಾಳೆಯ ಬಾಯಿ ತುಂಬ ಅರದಂಥ ಸಣ್ಣ ಹಲ್ಲು ಇರುತ್ತವೆ. ಗಾಳದ ಹತ್ತಿರದ ಒಂದು ಗೇಣು ದಾರ ಮಾತ್ರ ದಪ್ಪ ಇರಲಿ, ಉಳಿದದ್ದು ತೆಳುವೇ ಇರಲಿ.

ಕೊರವದ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಅದಕ್ಕೆ ಬಿಸಿಲು ಬೇಕು. ಬೆಳಿಗ್ಗೆ ಆರಕ್ಕೆ ಹೋಗಿ ನಡುಗುತ್ತಾ ಕೂರುವುದರಿಂದ ಲಾಭವಿಲ್ಲ. ರೊಟ್ಟಿ ಕಟ್ಟಿಕೊಂಡು ಹನ್ನೊಂದಕ್ಕೆ ಆರಾಮಾಗಿ ಹೋಗಿ, ಮೂರರವರೆಗೆ ಇರಿ. ಮೊಣಕಾಲುದ್ದ ನೀರು, ಜೊಂಡು, ತಳದಲ್ಲಿ ಕಪ್ಪು ಮಣ್ಣು ಇರುವ ಕಡೆ ನೀರು ಬೇಗ ಕಾಯುತ್ತದೆ. ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುತ್ತದೆ. ಅಂಥ ದಿನ ಮಧ್ಯಾಹ್ನ ಪಡುವಣ ದಂಡೆ ಆರಿಸಿಕೊಳ್ಳಿ, ಕಾದ ಮೇಲ್ನೀರನ್ನು ಗಾಳಿ ಅಲ್ಲಿಗೆ ತಳ್ಳಿರುತ್ತದೆ. ಕೊರವ ಗಾಳಿಯನ್ನೂ ಉಸಿರಾಡುವ ಮೀನು, ಅದಕ್ಕಾಗಿ ಮೇಲೆ ಬರಲೇಬೇಕು. ತಣ್ಣೀರಿನಲ್ಲಿ ಬರುವುದು ಕಡಿಮೆ. ಆದ್ದರಿಂದ ಗಾಳ ಹಾಕುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾ ನಿಲ್ಲಿ. ಬುಳಕ್ ಅಂದ ಜಾಗಕ್ಕಿಂತ ಮುಂದೆ ರಬ್ಬರ್ ಕಪ್ಪೆ (ಗಾಳ ಸಿಕ್ಕಿಸಿದ ಕಪ್ಪೆಯಾಕಾರದ ನಕಲಿ ಎರೆ) ಎಸೆದು ನಿಧಾನವಾಗಿ ಎಳೆಯಿರಿ. ನಡುವೆ ನಿಲ್ಲಿಸಿ. ವಿಡಿಯೋದಲ್ಲಿ ಬಾಸ್‌ಗೆ ನಿಧಾನ ಎಳೆಯಿರಿ ಅಂತ ಹೇಳುತ್ತಾರಲ್ಲ, ಆ ಒಂದು ಮಾತು ಇಲ್ಲಿ ಹಾಗೇ ನಡೆಯುತ್ತದೆ.

ಈಗ ಮೀನಿಗಿಂತ ಮುಖ್ಯವಾದದ್ದು. ಕೃಷ್ಣೆಯಲ್ಲಿ ಮೊಸಳೆ ಇವೆ. ನಿಮ್ಮ ಜಮಖಂಡಿ ಕಡೆ ಇವೆ, ಮೇಲೆ ರಾಯಬಾಗ, ಅಥಣಿ ಕಡೆಯೂ ಇವೆ. ಚಳಿಗಾಲದಲ್ಲಿ ಮೈ ಕಾಯಿಸಲು ದಂಡೆಗೆ, ನಡುಗಡ್ಡೆಗೆ ಬಂದು ಮಲಗುತ್ತವೆ. ಅಂದರೆ ನೀವು ಕೊರವಕ್ಕೆ ಹುಡುಕುವ ಬಿಸಿಲಿನ ದಂಡೆಯೇ ಅವಕ್ಕೂ ಬೇಕು. ದಯವಿಟ್ಟು ನೀರಿಗೆ ಇಳಿಯಬೇಡಿ, ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಂತೇ ಎಸೆಯಿರಿ. ಹಿಡಿದ ಮೀನನ್ನು ದಾರಕ್ಕೆ ಪೋಣಿಸಿ ಕಾಲ ಬುಡದ ನೀರಿನಲ್ಲಿ ಬಿಡುವ ರೂಢಿ ಹಲವರಿಗಿದೆ, ಅದು ಬೇಡವೇ ಬೇಡ. ಮೀನು ಕತ್ತರಿಸಿ ತೊಳೆಯುವುದನ್ನು ಮನೆಯಲ್ಲಿ ಮಾಡಿ. ದನ ನೀರು ಕುಡಿಯುವ ಜಾಗದಲ್ಲಿ ಕೂರಬೇಡಿ. ಹೋದ ಕೂಡಲೇ ಅಲ್ಲಿನ ಮೀನುಗಾರರನ್ನೋ ಪಂಪ್‌ಸೆಟ್ ನೋಡಲು ಬಂದ ರೈತರನ್ನೋ ಕೇಳಿ. ಯಾವ ದಂಡೆಯಲ್ಲಿ ಮೊಸಳೆ ಏಳುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ.

ಅವರ ಜೊತೆ ಮಾತಾಡಲು ಇನ್ನೂ ಒಂದು ಕಾರಣವಿದೆ. ಕೆರೆ, ಜಲಾಶಯಗಳ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆ ಹಿಡಿದವರಿಗೋ ಇರುತ್ತದೆ. ಅವರ ಹೊಟ್ಟೆಪಾಡು ಅದು. ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಅಣೆಕಟ್ಟಿನ ಹತ್ತಿರ, ಬ್ಯಾರೇಜ್ ಗೇಟಿನ ಬುಡದಲ್ಲಿ ನಿಲ್ಲಲೇಬೇಡಿ.

ಚೇಳು ಮೀನು ಎಂಬ ಇನ್ನೊಂದು ಕ್ಯಾಟ್‌ಫಿಶ್ ಗಾಳಕ್ಕೆ ಬಿದ್ದರೆ ಬರಿಗೈ ಹಾಕಬೇಡಿ. ಎದೆಯ ರೆಕ್ಕೆಯ ಮುಳ್ಳಿನಲ್ಲಿ ವಿಷವಿದೆ, ತುಂಬ ಉರಿಯುತ್ತದೆ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿನೀರಿನಲ್ಲಿ ಕೈ ಅದ್ದಿ ಇಟ್ಟರೆ ನೋವು ಇಳಿಯುತ್ತದೆ. ಬಾವು ಹೆಚ್ಚಾದರೆ ವೈದ್ಯರ ಹತ್ತಿರ ಹೋಗಿ. ಕಪ್ಪು ಮೈ, ಗಟ್ಟಿ ಚಪ್ಪಟೆ ತಲೆಯ ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಸಿಗಬಹುದು. ಅದರ ಸಾಕಣೆಯನ್ನು ಸರ್ಕಾರ 2000ರಲ್ಲೇ ನಿಷೇಧಿಸಿದೆ, ನಮ್ಮ ಸಣ್ಣ ಮೀನುಗಳನ್ನು ಅದು ತಿಂದು ಮುಗಿಸುತ್ತದೆ. ಅದನ್ನು ಮತ್ತೆ ಹೊಳೆಗೂ ಬಿಡಬೇಡಿ, ಊರ ಕೆರೆಗೂ ಬಿಡಬೇಡಿ. ಬಾಳೆ ಮೀನಿನ ವಿಷಯದಲ್ಲಿ ಮಾತ್ರ ನನ್ನದೊಂದು ಕೋರಿಕೆ. ಅದು ಈಗ ಅಪಾಯದ ಅಂಚಿನ ಮೀನುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ದೊಡ್ಡ ಬಾಳೆ ಸಿಕ್ಕರೆ ಫೋಟೋ ತೆಗೆದು ಬಿಟ್ಟುಬಿಡಿ. ಮಳೆ ಬಂದಾಗ ಮೊಟ್ಟೆ ಇಡುವುದು ಅಂಥವೇ.

ರಾತ್ರಿ ಪೂರ್ತಿ ಕೂರುವ ಅಗತ್ಯವಿಲ್ಲ. ಬಾಳೆಗೆ ಹೊತ್ತು ಮುಳುಗುವ ಮೊದಲು ಅರ್ಧ ಗಂಟೆ, ಆಮೇಲೆ ಎರಡು ಗಂಟೆ ಸಾಕು. ಅದಾದ ಮೇಲೆ ಕಚ್ಚುವುದು ಕಡಿಮೆಯಾಗುತ್ತದೆ, ದಂಡೆಯಲ್ಲಿ ಕತ್ತಲೆಯಲ್ಲಿ ಇರುವುದೂ ಒಳ್ಳೆಯದಲ್ಲ. ಎಂಟು ಗಂಟೆಯೊಳಗೆ ಮೇಲೆ ಬನ್ನಿ. ಬೈಕ್‌ನಲ್ಲಿ ಬರುವುದಾದರೆ ನಿಧಾನವಾಗಿ ಬನ್ನಿ, ಇದು ಕಬ್ಬಿನ ಹಂಗಾಮು. ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್‌ಗಳು ಆ ರಸ್ತೆಯಲ್ಲಿ ಸಾಲಾಗಿ ನಿಂತಿರುತ್ತವೆ.