ಯೊರುಬಾ ಮನೆಗಳಲ್ಲಿ ಅಕಾಲದಲ್ಲಿ ತೀರಿಕೊಂಡವರ ನೆನಪು ಹೇಗೆ ಉಳಿಯುತ್ತದೆ?

ನಿಮ್ಮ ಯೊರುಬಾ ಸಹೋದ್ಯೋಗಿ, ಮೂವತ್ತು ದಾಟುತ್ತಲೇ ತೀರಿಕೊಂಡ ತಮ್ಮ ಮುತ್ತಜ್ಜಿಯ ಬಗ್ಗೆ ಮೊನ್ನೆ ಮೊನ್ನೆ ಕಂಡವರ ಹಾಗೆ ಮಾತಾಡುತ್ತಾರೆ, ಅದು ಹೇಗೆ ಅಂತ ಕೇಳಿದ್ದೀರಿ. ಯೊರುಬಾ ಅಂದರೆ ಹೆಚ್ಚಾಗಿ ನೈಜೀರಿಯಾದ ನೈರುತ್ಯ ಭಾಗದಲ್ಲಿರುವ ಜನಾಂಗ. ನಾನು ಯೊರುಬಾ ಅಲ್ಲ, ಪಶ್ಚಿಮ ಆಫ್ರಿಕಾದ ಇತಿಹಾಸ ಓದುವ ಚಟ ಇರುವವನು ಅಷ್ಟೇ. ಆದರೆ ನೈಜೀರಿಯಾದ ಲೇಗೋಸ್ ನಗರದ ಒಂದು ಮನೆತನದ ಕತೆ ಗೊತ್ತು, ಅದನ್ನೇ ಹೇಳುತ್ತೇನೆ.

ಮೊಮ್ಮಕ್ಕಳನ್ನು ಕಂಡು, ತುಂಬು ಬಾಳು ಬಾಳಿ ಹೋದವರ ಸಾವನ್ನು ಯೊರುಬಾ ಜನ ಸಂಭ್ರಮದಿಂದಲೇ ಮಾಡುತ್ತಾರೆ. ಊಟ, ಹಾಡು, ಬಳಗದವರಿಗೆಲ್ಲ ಒಂದೇ ಥರದ ಬಟ್ಟೆ. ಚಿಕ್ಕವರು ಹೋದರೆ ಇದ್ಯಾವುದೂ ಇಲ್ಲ. ಸಂಪ್ರದಾಯದಲ್ಲಿ ಹೆತ್ತವರು ಮಕ್ಕಳ ಮಣ್ಣಿಗೂ ಹೋಗುವಂತಿಲ್ಲ. ಹಾಗೆ ಹೋದವರು ಮನೆಯವರ ಬಾಯಲ್ಲಿ ಉಳಿಯುವುದು ಹೇಗೆ ಅಂತ ನನಗೂ ಕುತೂಹಲವಿತ್ತು.

ನಾನು ಹೇಳಿದ ಮನೆತನದ ಕತೆ ಸಾರಾ ಫೋರ್ಬ್ಸ್ ಬೊನೆಟ್ಟಾ ಎಂಬಾಕೆಯಿಂದ ಶುರು. ಆಕೆ ಹುಟ್ಟಿದ್ದು 1843ರ ಸುಮಾರಿಗೆ, ಯೊರುಬಾ ನಾಡಿನ ಓಕೆ-ಓಡಾನ್‌ನಲ್ಲಿ. ಹುಟ್ಟುಹೆಸರು ಐನಾ ಎನ್ನುತ್ತಾರೆ. 1848ರಲ್ಲಿ ಪಕ್ಕದ ದಹೋಮೆ ರಾಜ್ಯದ (ಈಗಿನ ಬೆನಿನ್ ದೇಶದ ಭಾಗ) ಸೈನ್ಯ ಊರಿನ ಮೇಲೆ ಬಿದ್ದು ತಂದೆತಾಯಿಯನ್ನು ಕೊಂದಿತು, ಹುಡುಗಿ ಸೆರೆಯಾದಳು. ಎರಡು ವರ್ಷದ ನಂತರ ದಹೋಮೆಯ ಅರಸ ಗೆಜೊ ಆಕೆಯನ್ನು ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಫೋರ್ಬ್ಸ್ ಕೈಗೆ, ವಿಕ್ಟೋರಿಯಾ ರಾಣಿಗೆ ಉಡುಗೊರೆ ಅಂತ ಒಪ್ಪಿಸಿದ. ಫೋರ್ಬ್ಸ್ ಎಂಬುದು ಆ ಕ್ಯಾಪ್ಟನ್ನನ ಹೆಸರು, ಬೊನೆಟ್ಟಾ ಎಂಬುದು ಆತನ ಹಡಗಿನ ಹೆಸರು. ಮುಂದೆ ಸಾಕುವ ಖರ್ಚು ಹೊತ್ತವಳು ರಾಣಿಯೇ, ಆದರೂ ಮಗುವಿಗೆ ಹಡಗಿನ ಹೆಸರು ಕಟ್ಟಿದ್ದು ನನಗೆ ಇಂದಿಗೂ ಕಸಿವಿಸಿ.

ಇಂಗ್ಲಿಷ್ ಪುಸ್ತಕಗಳು ಹೆಚ್ಚಾಗಿ ಹೇಳುವುದು ಇಷ್ಟನ್ನೇ, ಜೊತೆಗೆ 1862ರಲ್ಲಿ ಬ್ರೈಟನ್‌ನಲ್ಲಿ ನಡೆದ ಅದ್ದೂರಿ ಮದುವೆ. ವರ ಜೇಮ್ಸ್ ಲಾಬುಲೊ ಡೇವಿಸ್, ಸಿಯೆರಾ ಲಿಯೋನ್‌ನಲ್ಲಿ ಹುಟ್ಟಿದ ಯೊರುಬಾ, ಲೇಗೋಸಿನ ವ್ಯಾಪಾರಿ. ಆಕೆ ಮೊದಲು ಒಲ್ಲೆ ಎಂದಿದ್ದಳು. ಆತನನ್ನು ಪ್ರೀತಿಸುವುದು ನನ್ನಿಂದಾಗದು ಎಂದು ಬರೆದ ಪತ್ರ ಉಳಿದಿದೆ.

ಮೂವರು ಮಕ್ಕಳಾದರು: ವಿಕ್ಟೋರಿಯಾ, ಆರ್ಥರ್, ಸ್ಟೆಲ್ಲಾ. ಕ್ಷಯ ಹಿಡಿದು, ಹವೆ ಬದಲಾಗಲಿ ಅಂತ ಮಡೀರಾ ದ್ವೀಪಕ್ಕೆ ಹೋದ ಸಾರಾ 1880ರ ಆಗಸ್ಟ್ 15ರಂದು ಫುಂಚಾಲ್ ಊರಿನಲ್ಲಿ ತೀರಿಕೊಂಡಳು. ವಯಸ್ಸು 37. ದೊಡ್ಡ ಮಗಳಿಗೆ ಸುದ್ದಿ ಮುಟ್ಟಿದ್ದು ರಾಣಿಯನ್ನು ನೋಡಲು ಹೊರಟ ದಿನವೇ. ಮಣ್ಣು ಮಾಡಿದ್ದು ಅಲ್ಲಿನ ಬ್ರಿಟಿಷ್ ಸ್ಮಶಾನದಲ್ಲಿ, ಮನೆಯಿಂದ ಸಾವಿರಾರು ಮೈಲಿ ದೂರ.

ಗೋರಿ ಅಲ್ಲಿ ಉಳಿದರೂ ಮನೆಯವರು ಸುಮ್ಮನಿರಲಿಲ್ಲ. ಅದೇ ಹೊತ್ತಿಗೆ ಡೇವಿಸ್ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡು, ಲೇಗೋಸಿನ ಪಶ್ಚಿಮಕ್ಕೆ ಇಜೊನ್‌ನಲ್ಲಿ ಕೋಕೋ ತೋಟ ಮಾಡುತ್ತಿದ್ದ. ನೈಜೀರಿಯಾದಲ್ಲಿ ಕೋಕೋ ಬೆಳೆದ ಮೊದಲಿಗರಲ್ಲಿ ಆತನೂ ಒಬ್ಬ. ಅಲ್ಲಿಯೇ ಹೆಂಡತಿಯ ಹೆಸರಿನಲ್ಲಿ ಎಂಟಡಿ ಮೀರುವ ಗ್ರಾನೈಟ್ ಕಂಬ ನಿಲ್ಲಿಸಿದ. ಹೆಸರು, ಸತ್ತ ಜಾಗ, ತಾರೀಖು, ವಯಸ್ಸು ಎಲ್ಲ ಕೆತ್ತಿಸಿದ. ಪ್ರೀತಿಸಲಾರೆ ಎಂದವಳಿಗೆ ಅಂಥ ಕಲ್ಲು ನಿಲ್ಲಿಸಬೇಕಾದರೆ ನಡುವಿನ ಹದಿನೆಂಟು ವರ್ಷಗಳಲ್ಲಿ ಏನೋ ಬದಲಾಗಿರಬೇಕು ಅನ್ನುವುದು ನನ್ನ ಊಹೆ.

ಆದರೆ ಕಲ್ಲಿಗಿಂತ ಹೆಸರೇ ಗಟ್ಟಿ ಅಂತ ನನಗನ್ನಿಸುತ್ತದೆ. ಕಿರಿ ಮಗಳು ಸ್ಟೆಲ್ಲಾಗೆ, ನೈಜೀರಿಯಾದ ರಾಷ್ಟ್ರೀಯ ಹೋರಾಟದ ಹಿರಿಯ ಹರ್ಬರ್ಟ್ ಮೆಕಾಲೆಯವರಿಂದ ಹೆಣ್ಣುಮಗುವಾಯಿತು. ನಮ್ಮಲ್ಲಿ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ಹಾಗೇ ಆ ಮಗುವಿಗೆ ಸಾರಾ ಅಬಿಗೇಲ್ ಇಡೋವು ಅಂತ ಇಟ್ಟರು. ಸಾರಾ ತಾಯಿಯ ಕಡೆ ಅಜ್ಜಿ, ಅಬಿಗೇಲ್ ತಂದೆಯ ಕಡೆ ಅಜ್ಜಿ. ಆ ಇಡೋವು ಅವರ ಮೊಮ್ಮಗಳೇ ಡಾ. ಅಮೆಯೊ ಅಡಾಡೆವೊ. 2014ರಲ್ಲಿ ಲೇಗೋಸಿಗೆ ಬಂದಿಳಿದ ಮೊದಲ ಎಬೋಲಾ ರೋಗಿಯನ್ನು, ಎಷ್ಟೇ ಒತ್ತಡ ಬಂದರೂ, ಆಸ್ಪತ್ರೆಯಿಂದ ಹೊರಗೆ ಬಿಡದೆ ತಡೆದವರು. ಅದೇ ರೋಗ ತಗುಲಿ ಅವರು ಆಗಸ್ಟ್ 19ರಂದು ತೀರಿಕೊಂಡರು. ಅಕ್ಟೋಬರ್ 20ರಂದು ವಿಶ್ವ ಆರೋಗ್ಯ ಸಂಸ್ಥೆ ನೈಜೀರಿಯಾ ಎಬೋಲಾಮುಕ್ತ ಎಂದು ಸಾರಿತು. ಅವರ ಬಗ್ಗೆ ಬರೆದವರು ಹರ್ಬರ್ಟ್ ಮೆಕಾಲೆಯವರ ಮರಿಮಗಳು ಎನ್ನುವುದನ್ನು ಬಿಡುವುದಿಲ್ಲ, ಸಾರಾಳ ಸಂತತಿ ಎನ್ನುವುದನ್ನು ಅಷ್ಟಾಗಿ ಹೇಳುವುದಿಲ್ಲ.

ಇನ್ನು ಸಾಮಾನ್ಯ ಮನೆಗಳ ಮಾತು. ಅಜ್ಜಿ ಹೋದ ಮೇಲೆ ಹುಟ್ಟಿದ ಹೆಣ್ಣಿಗೆ ಯೇತುಂಡೆ, ಅಜ್ಜ ಹೋದ ಮೇಲೆ ಹುಟ್ಟಿದ ಗಂಡಿಗೆ ಬಾಬಾತುಂಡೆ ಅಂತ ಇಡುವುದು ಯೊರುಬಾದಲ್ಲಿ ತೀರಾ ಸಾಮಾನ್ಯ, ಹಿರಿಯರೇ ಮರಳಿ ಬಂದರು ಎನ್ನುವ ನಂಬಿಕೆ. ಜೊತೆಗೆ ಒರಿಕಿ ಇದೆ, ವಂಶದ ಹಿರಿಯರನ್ನು ಕೊಂಡಾಡುವ ಸಾಲುಗಳು, ಮನೆಯ ಹೆಂಗಸರು ಮಕ್ಕಳಿಗೆ ಹೇಳುವಂಥವು. ನಿಮ್ಮ ಸಹೋದ್ಯೋಗಿ ಅಷ್ಟು ಸಲೀಸಾಗಿ ಮಾತಾಡುತ್ತಾರೆ ಅಂದರೆ ಮುತ್ತಜ್ಜಿಯ ಹೆಸರು ಮನೆಯಲ್ಲಿ ಈಗಲೂ ಯಾರಿಗೋ ಇರಬಹುದು, ಕೇಳಿ ನೋಡಿ. ಒರಿಕಿ ಯಾರಿಗೆ ಬಾಯಿಪಾಠ ಇದೆ ಅಂತಲೂ ಕೇಳಿ. ಹೇಳಿಸಿಕೊಳ್ಳಲು ಆದರೆ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಲು ಅವರಿಗೆ ಹೇಳಿ.