ಅನುಭವವೆಲ್ಲ ಕನಸಿನಂತೆ ಎಂದು ಅರಿತರೆ ಮನಸ್ಸಿಗೆ ಶಾಂತಿ ಸಿಗುವುದು ಹೇಗೆ?

ನಡೆದ ಘಟನೆಯನ್ನೂ ಅದರ ಸುತ್ತ ಮನಸ್ಸು ಕಟ್ಟಿದ ಚಿತ್ರವನ್ನೂ ಬೇರೆ ಬೇರೆಯಾಗಿ ಕಾಣುವುದರಿಂದ ಶಾಂತಿ ಸಿಗುತ್ತದೆ. ಕನಸಿನ ಹುಲಿ ಸುಳ್ಳಾದರೂ ಎದೆ ಹೊಡೆದುಕೊಳ್ಳುವುದು ನಿಜ. ಅದು ಮನಸ್ಸಿನದೇ ಸೃಷ್ಟಿಯೆಂದು ತಿಳಿದಾಗ ಭಯಕ್ಕೆ ಆಧಾರವೇ ಉಳಿಯುವುದಿಲ್ಲ. ಸಂಜೆಯ ಡೊಂಬಿವಲಿ ಲೋಕಲ್‌ ರೈಲಿನಲ್ಲಿ ಬಾಗಿಲ ಬಳಿ ನಿಂತು, ಬೆಳಗ್ಗೆ ಸಾಹೇಬರು ಆಡಿದ ಮಾತನ್ನು ಮತ್ತೆ ಮತ್ತೆ ನೆನೆದು ಕುದಿಯುವಾಗ ಎದುರಿಗೆ ಸಾಹೇಬರೂ ಇಲ್ಲ, ಆ ಮಾತೂ ಇಲ್ಲ; ಇರುವುದು ನೆನಪು ಹೆಣೆದ ದೃಶ್ಯ ಮಾತ್ರ. ಮುಂಬಯಿಯ ಖೇತವಾಡಿಯಲ್ಲಿದ್ದು, ಬೀಡಿ ವ್ಯಾಪಾರದಿಂದ ಸಂಸಾರ ಸಾಗಿಸಿದ ಅದ್ವೈತಿ ನಿಸರ್ಗದತ್ತ ಮಹಾರಾಜರು (1897–1981) ಕನಸನ್ನು ತಿದ್ದುವುದಕ್ಕಿಂತ ಅದು ಕನಸೆಂದು ಅರಿಯುವುದಕ್ಕೇ ಒತ್ತು ಕೊಟ್ಟರು. ಹಾಗೆಂದು ಮನೆ ಬಾಡಿಗೆಯನ್ನೂ ಕನಸೆಂದು ತಳ್ಳಿಹಾಕುವಂತಿಲ್ಲ: ದಿನನಿತ್ಯದ ವ್ಯವಹಾರದ ಮಟ್ಟದಲ್ಲಿ ಜಗತ್ತಿನ ಸತ್ಯತೆಯನ್ನು ಶಂಕರಾಚಾರ್ಯರೂ ಒಪ್ಪುತ್ತಾರೆ.